ಹಾರುವುದರಲ್ಲಿ ಎತ್ತಿದ ಕೈ

ಚೀನಾದ ಟಿಯಾಂಜಿನ್ ಊರಿನಲ್ಲಿ ಹೆಸರುಹಿಟ್ಟಿನ ದೋಸೆ ಹೊಯ್ಯುವವರಿಗೇನೂ ಬರವಿಲ್ಲ. ಆದರೆ ಬೆಳಗಿನ ವ್ಯಾಪಾರ ಮುಗಿಸಿ, ಏಪ್ರನ್ ಬಿಚ್ಚಿಟ್ಟು, ಎಂಟು ಅಡಿ ಹಿಂದಕ್ಕೆ ಹಾರಬಲ್ಲವನು ಬಿಯೆನ್ ಯುಟಾಂಗ್ ಒಬ್ಬನೇ. ಐವತ್ತೆಂಟರ ವಯಸ್ಸು, ಮುಂದೆ ಮುಂದೆ ನಡೆಯುವ ಹೊಟ್ಟೆ. ಅಂಥ ಮೈ ಗಾಳಿಯಲ್ಲಿ ತೇಲುವುದನ್ನು ನೋಡಲೆಂದೇ ನದಿದಂಡೆಯ ಪಾರ್ಕಿಗೆ ಜನ ಬರುತ್ತಿದ್ದರು.

ಹಾರಿಸುತ್ತಿದ್ದವರು ಅವನ ಗುರು ಕೌ ಶಿಲಿನ್, ತೈಚಿ ಎಂಬ ಕಸರತ್ತಿನಲ್ಲಿ ಪಳಗಿದ, ಎಪ್ಪತ್ತು ದಾಟಿದ ಪಟು. ತೋಳಿನ ಬಲ ಲೆಕ್ಕಕ್ಕಿಲ್ಲ, ಉಸಿರಿನಿಂದ ಸೊಂಟಕ್ಕೆ ಇಳಿದು ಅಂಗೈಗೆ ಬರುವ ಒಳಬಲವೇ ಬಲ ಎನ್ನುತ್ತ ಅವರು ಎದೆಗೆ ಕೈ ತಾಗಿಸಿದರೆ ಸಾಕು, ಬಿಯೆನ್ ಹೋಗಿ ವಿಲೋ ಮರಕ್ಕೆ ಅಪ್ಪಳಿಸುತ್ತಿದ್ದ. ಬೆನ್ನು ಮುರಿಯದಿರಲೆಂದು ಮರಕ್ಕೆ ಹತ್ತಿಯ ರಜಾಯಿ ಸುತ್ತಿದ್ದರು. ಅದು ಬಿಯೆನ್‌ನ ಹೆಂಡತಿ ಚಿಯಾವ್‌ಯುನ್ ತವರಿನಿಂದ ತಂದ ಮದುವೆಯ ರಜಾಯಿ. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ.

ಇದೆಲ್ಲ ಶುರುವಾದದ್ದು ಇಪ್ಪತ್ತು ವರ್ಷದ ಹಿಂದೆ. ಗುರುಗಳು ಹತ್ತು ಜನರೆದುರು ಬಿಯೆನ್‌ನನ್ನು ತಳ್ಳಿದರು. ಅವನು ಕದಲಲಿಲ್ಲ. ನಾಲ್ಕು ಜನ ನೋಡುವಾಗ ಗುರುವಿನ ಮಾನ ಉಳಿಸದವನು ಎಂಥ ಶಿಷ್ಯ? ಬಿಯೆನ್ ಎರಡು ಹೆಜ್ಜೆ ಹಿಂದೆ ಸರಿದ. ಜನ ಚಪ್ಪಾಳೆ ತಟ್ಟಿದರು. ಮರುದಿನ ನಾಲ್ಕು ಹೆಜ್ಜೆ. ವರ್ಷ ತುಂಬುವಷ್ಟರಲ್ಲಿ ಬೆನ್ನಿಗೆ ಆ ಮರವೇ ಸಿಕ್ಕಿತು. ಆಮೇಲೆ ಬಂದ ಶಿಷ್ಯರು ಬಿಯೆನ್‌ನನ್ನು ನೋಡಿ, ಹೀಗೇ ಹಾರಬೇಕೇನೋ ಎಂದು ತಾವೂ ಹಾರಿದರು. ಪಾಪ, ಗುರುಗಳು ನಂಬಿದರು. ಕಣ್ಣೆದುರು ದಿನಾ ಹನ್ನೆರಡು ಜನ ಹಾರಿದರೆ ಯಾರು ತಾನೆ ನಂಬುವುದಿಲ್ಲ?

ಚಳಿಗಾಲದ ಒಂದು ಬೆಳಿಗ್ಗೆ ಲುವಾನ್ ಎಂಬ ಜಟ್ಟಿ ಅಲ್ಲಿಗೆ ಬಂದ. ತರಕಾರಿ ಮಾರುಕಟ್ಟೆಯ ಮಹಡಿಯ ಮೇಲೆ ಗುದ್ದುವುದು, ಒದೆಯುವುದು ಕಲಿಸುವವನು. ಸ್ವಲ್ಪ ಹೊತ್ತು ನೋಡಿ ಕೈ ಮುಗಿದ.

"ಅಜ್ಜಾ, ನನ್ನನ್ನೂ ಒಂದ್ಸಲ ಹಾರಿಸ್ತೀರಾ? ಆದ್ರೆ ನಾನು ಸುಮ್ನೆ ನಿಂತಿರಲ್ಲ, ಹೊಡೀತೀನಿ."

"ಶನಿವಾರ ಬಾ. ದಪ್ಪ ಕೋಟು ಹಾಕ್ಕೊಂಡು ಬಾ, ಬಿದ್ರೆ ಪೆಟ್ಟಾದೀತು," ಎಂದರು ಗುರುಗಳು, ನಿಜವಾದ ಕರುಣೆಯಿಂದ.

ಮನೆಗೆ ಬಂದ ಬಿಯೆನ್ ಮೂರು ದೋಸೆ ಸೀಯಿಸಿದ.

"ಹೇಳ್ಬಿಡು ಮುದುಕಪ್ಪಾ," ಎಂದಳು ಚಿಯಾವ್‌ಯುನ್. "ಇಲ್ದಿದ್ರೆ ಆ ಜಟ್ಟಿ ನಿಮ್ಮ ಗುರುಗಳ ಹಲ್ಲು ಎಣಿಸಿ ಕೈಗೆ ಕೊಡ್ತಾನೆ."

"ಹೇಳಿದ್ರೆ ಅವ್ರ ಜೀವಾನೇ ಹೋಗುತ್ತೆ ಕಣೇ."

"ಹೇಳ್ದಿದ್ರೆ ಮೂಗು ಹೋಗುತ್ತೆ. ಯಾವ್ದು ಬೇಕೋ ನೀನೇ ಆರಿಸು."

ಶುಕ್ರವಾರ ಮಧ್ಯಾಹ್ನ ಬಿಯೆನ್ ಒಂದು ಬುಟ್ಟಿ ಪೇರುಹಣ್ಣು ಹಿಡಿದು ಗುರುಗಳ ಮನೆಗೆ ಹೋದ. ಅವರು ವಿನೆಗರಿನಲ್ಲಿ ಹಾಕಲು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಗುರುಗಳೇ, ನಾಳೆ ಬೇಡ."

"ಯಾಕೋ? ಆ ಹುಡುಗನ ಮೂಳೆ ಚಿಂತೆಯಾ?"

"ನಿಮ್ಮ ಮೂಳೆ ಚಿಂತೆ. ನಾನು... ನಾನೇ ಹಾರ್ತಿದ್ದೆ."

"ಗೊತ್ತಲ್ಲ. ನಾನು ತಳ್ಳಿದ್ರೆ ನೀನು ಹಾರ್ತಿದ್ದೆ."

"ನೀವು ತಳ್ಳೋಕೆ ಮುಂಚೇನೇ ಹಾರ್ತಿದ್ದೆ ಗುರುಗಳೇ."

ಗುರುಗಳು ಕೈ ಒರೆಸಿಕೊಂಡು ಎದ್ದು, ಅವನ ಎದೆಗೆ ಅಂಗೈ ಇಟ್ಟರು. ಇಪ್ಪತ್ತು ವರ್ಷದ ರೂಢಿ ನೋಡಿ, ಬಿಯೆನ್‌ನ ಕಾಲು ಅವನ ಮಾತು ಕೇಳಲಿಲ್ಲ. ಹಾರಿ ಹೋಗಿ ಬಟ್ಟೆಯ ಬೀರುವಿಗೆ ಬಡಿದ.

"ಇದು ಲೆಕ್ಕಕ್ಕಿಲ್ಲ! ಇನ್ನೊಂದ್ಸಲ," ಎಂದು ಬೇಡಿಕೊಂಡ.

ಈ ಸಲ ಹಲ್ಲು ಕಚ್ಚಿ ನಿಂತ. ಗುರುಗಳು ತಳ್ಳಿದರು. ಉಸಿರೆಳೆದು ಮತ್ತೆ ತಳ್ಳಿದರು. ಬಿಯೆನ್‌ನ ಹೊಟ್ಟೆ ಸ್ವಲ್ಪ ಕುಲುಕಿತು, ಅಷ್ಟೆ.

"ಉಳಿದವ್ರು?"

"ನನ್ನ ನೋಡಿ ಕಲಿತ್ರು."

"ಹೋಗು," ಎಂದರು ಗುರುಗಳು. ಬಿಯೆನ್ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಗಳಗಳನೆ ಅತ್ತ. ಇನ್ನು ಗುರುವೂ ಇಲ್ಲ, ಬೆಳಗ್ಗೆ ಹೋಗಲು ಪಾರ್ಕೂ ಇಲ್ಲ ಎಂದುಕೊಂಡ.

ಆದರೂ ಶನಿವಾರ ಕಾಲು ಕೇಳಲಿಲ್ಲ, ಹೋದ. ಕೊಟ್ಟ ಮಾತು ಎಂದು ಗುರುಗಳೂ ಬಂದಿದ್ದರು. ಲುವಾನ್ ಒಳ್ಳೆಯವನು. ಅವರಿಗೂ ದಪ್ಪ ಗ್ಲೌಸು ತೊಡಿಸಿ, ತಲೆಗೆ ಮೆತ್ತೆಯ ಟೊಪ್ಪಿ ಹಾಕಿ, ಮೆತ್ತಗೆ ಹೊಡೆದ. ಮೆತ್ತಗಿನ ಏಟಿಗೇ ಗುರುಗಳು ಕುಕ್ಕರಿಸಿದರು. ಎದ್ದರು, ಮತ್ತೆ ಕೂತರು. ಮೂರನೆಯ ಸಲ ಬಂದ ಗುದ್ದು ಅವರ ಮೊಣಕೈ ತಾಗಿ ಅದೇಕೋ ಪಕ್ಕಕ್ಕೆ ಜಾರಿತು.

"ಅರೆ, ಇದ್ಹೇಗೆ ಮಾಡಿದ್ರಿ ಅಜ್ಜಾ?"

"ನಂಗೂ ಗೊತ್ತಿಲ್ಲಪ್ಪ," ಎನ್ನುವಷ್ಟರಲ್ಲಿ ಇನ್ನೊಂದು ಬಿತ್ತು.

ಬಿಯೆನ್ ಓಡಿಹೋಗಿ ಎಬ್ಬಿಸಿದ. ಗುರುಗಳು ತುಟಿಯ ರಕ್ತ ಒರೆಸಿಕೊಳ್ಳುತ್ತ ನಗುತ್ತಿದ್ದರು.

"ಇಪ್ಪತ್ತು ವರ್ಷದಲ್ಲಿ ನಂಗೆ ನಿಜ ಹೇಳಿದವ್ರು ಇಬ್ರೇ ಕಣೋ. ನಿನ್ನೆ ನೀನು, ಇವತ್ತು ಇವ್ನು. ಆ ರಜಾಯಿ ಬಿಚ್ಚು. ನಾಳೆಯಿಂದ ಹಾರಿದವ್ನು ನನ್ನ ಶಿಷ್ಯ ಅಲ್ಲ."

ಅರ್ಧಕ್ಕರ್ಧ ಶಿಷ್ಯರು ಜಾಗ ಖಾಲಿ ಮಾಡಿದರು. ಲುವಾನ್ ಮಾತ್ರ ಬುಧವಾರ ಬುಧವಾರ ಬಂದು ಕಾಲಿಡುವ ಬಗೆ ತೋರಿಸಿದ, ಆ ಮೊಣಕೈಯ ಗುಟ್ಟು ಕೇಳಿದ. ಬಿಯೆನ್ ಚಳಿಗಾಲವಿಡೀ ಎದೆ ಕೊಟ್ಟು ನಿಂತ. ಗುರುಗಳು ದಿನಕ್ಕೆ ನೂರು ಸಲ ತಳ್ಳಿದರು. ಬೆವರು ಹರಿಯಿತೇ ಹೊರತು ಬಿಯೆನ್ ಅಲುಗಲಿಲ್ಲ. ಅಲುಗದಿರುವುದು ಅವನಿಗೆ ಹಾರುವುದಕ್ಕಿಂತ ಕಷ್ಟವಾಗಿತ್ತು.

ಏಪ್ರಿಕಾಟ್ ಹೂ ಬಿಟ್ಟ ವಾರ, ಒಂದು ಬೆಳಿಗ್ಗೆ, ಗುರುಗಳ ಅಂಗೈ ಸುಮ್ಮನೆ ಬಂದು ಕೂತಂತಿತ್ತು. ಬಿಯೆನ್‌ನ ಹಿಮ್ಮಡಿ ತಾನಾಗಿ ನೆಲ ಬಿಟ್ಟಿತು. ಒಂದು ಹೆಜ್ಜೆ ಹಿಂದಕ್ಕೆ ಹೋಗಿ ತಡವರಿಸಿ ನಿಂತ.

ಗುರುಗಳ ಮುಖ ಬಿಳುಚಿತು. "ಹಾರಿದ್ಯಾ?"

"ಇಲ್ಲ ಗುರುಗಳೇ."

"ನಿಮ್ಮಮ್ಮನಾಣೆಗೂ?"

"ನಮ್ಮಮ್ಮನಾಣೆಗೂ ಇಲ್ಲ."

ಮುದುಕರ ಕಣ್ಣು ತುಂಬಿತು. "ಇನ್ನೊಂದ್ಸಲ!" ಎಂದು ಮಗುವಿನಂತೆ ಕೈ ಚಾಚಿ ಬಂದರು. ಅವರ ಖುಷಿ ನೋಡಿ ಬಿಯೆನ್‌ನ ಕಾಲು ಹಾರಲು ತುಡಿಯಿತು. ಅವನು ಕದಲದೆ ನಿಂತ.