ಚಾರ್ಜ್ ಕೊಡುವ ಮೊದಲು

ಕ್ಯಾಲಿಫೋರ್ನಿಯಾದಲ್ಲಿ ಶೇರು ಮಾರುಕಟ್ಟೆ ಬೆಳಿಗ್ಗೆ ಆರೂವರೆಗೇ ತೆರೆಯುತ್ತದೆ. ಟೊರೊಂಟೊದಲ್ಲಿದ್ದಾಗ ಅದು ಒಂಬತ್ತೂವರೆ. ಆಫೀಸಿಗೆ ಹೋಗಿ, ಕೋಟು ತೂಗುಹಾಕಿ, ಪಕ್ಕದ ಸೀಟಿನವರ ಕಣ್ಣು ತಪ್ಪಿಸಿ ನೋಡಬೇಕಿತ್ತು. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್ ಊರಿಗೆ ಬಂದ ಮೇಲೆ ಅದು ಹಾಲು ಕಾಯಿಸುವ ಹೊತ್ತಿಗೆ ಸರಿಹೋಯಿತು. "ಬೇರೆಯವ್ರು ಎದ್ದು ದೇವರ ದೀಪ ಹಚ್ತಾರೆ, ನೀನು ಲ್ಯಾಪ್‌ಟಾಪ್ ಹಚ್ತೀಯ" ಎಂದು ಬೆಂಗಳೂರಿನವನಾದ ನನ್ನ ಗಂಡ ಛೇಡಿಸುತ್ತಿದ್ದ. ಹಾಲು ಉಕ್ಕಿದರೆ ಅದರ ಪಾಪವೂ ಮಾರುಕಟ್ಟೆಯ ತಲೆಗೇ.

ನನ್ನ ಹತ್ತಿರ ಮಹಾ ಸಂಪತ್ತೇನೂ ಇರಲಿಲ್ಲ. ಕೆನಡಾದಲ್ಲಿ ದುಡಿದ ವರ್ಷಗಳಲ್ಲಿ ಚೂರುಪಾರು ಉಳಿಸಿ ಕೊಂಡ ಎರಡು ಬ್ಯಾಂಕಿನ ಶೇರು, ಒಂದು ಟೆಲಿಫೋನ್ ಕಂಪನಿ, ಮತ್ತು ಎಲ್ಲಕ್ಕಿಂತ ಮೊದಲು ಕೊಂಡದ್ದು, ಅಲ್ಲಿನ ಒಂದು ರೈಲ್ವೆ ಕಂಪನಿಯದು. ಆ ರೈಲ್ವೆ ಶೇರಿನ ಹಿಂದೆ ಇದ್ದವರು ನನ್ನ ಅಪ್ಪ. ಅಪ್ಪ ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಕುಳಿತು, ಹಸಿರು ಬಾವುಟ ಹಿಡಿದು, ಜನ್ಮವನ್ನೆಲ್ಲ ಹಿಂದುಗಡೆಯಿಂದ ನೋಡಿದವರು. ಅವರ ಪಾಲಿಗೆ ಶೇರು ಬಜಾರ್ ಎಂದರೆ ಇಸ್ಪೀಟು. ಹಾಗಾಗಿ ಟೊರೊಂಟೊದ ನನ್ನ ಮೊದಲ ಚಳಿಗಾಲದಲ್ಲಿ ಶೇರು ಕೊಳ್ಳುವ ವಿಚಾರವನ್ನು ಹೆದರುತ್ತಲೇ ಫೋನಿನಲ್ಲಿ ಹೇಳಿದ್ದೆ.

"ಎಂಥಾ ಕಂಪನಿ?" ಎಂದರು.

"ರೈಲ್ವೆ ರೀ ಅಪ್ಪಾ. ಗೂಡ್ಸ್ ಗಾಡಿ ಓಡಸ್ತಾರ."

"ಗೂಡ್ಸ್ ಅಂದ್ರ ತೊಗೋ ಯವ್ವಾ. ಅದು ಇಸ್ಪೀಟಲ್ಲ" ಎಂದರು.

ಮರುವಾರವೇ ಪೆನ್ಷನ್ ಕಟ್ಟೆಯ ಗೆಳೆಯರಿಗೆಲ್ಲ ತಮ್ಮ ಮಗಳು ಕೆನಡಾದಲ್ಲಿ ರೈಲ್ವೆ ಮಾಲಕಿಯಾದ ಸುದ್ದಿ ಮುಟ್ಟಿತ್ತು. ನಾನು ಕೊಂಡದ್ದರಲ್ಲಿ ಒಂದು ಗಾಲಿಯ ಬೋಲ್ಟು ಕೂಡ ಬರುತ್ತಿರಲಿಲ್ಲ ಎಂದು ಹೇಳಿದರೆ ಅವರು ಕೇಳಬೇಕಲ್ಲ. ಮೂರು ತಿಂಗಳಿಗೊಮ್ಮೆ ಕಂಪನಿಯ ಲಾಭದ ಪಾಲು, ಡಿವಿಡೆಂಡ್, ಬರುವ ಹೊತ್ತಿಗೆ ತಪ್ಪದೆ ಫೋನು ಮಾಡುತ್ತಿದ್ದರು. "ಗಾಡಿ ಬಂತೇನು?" "ಬಂತ್ರಿ." "ಟೈಮಿಗೆ ಬಂತಿಲ್ಲೋ?" "ಬರೋಬ್ಬರಿ ಟೈಮಿಗೆ." ಅಷ್ಟೇ. ಶೇರಿನ ಬೆಲೆ ಏರಿತೋ ಇಳಿಯಿತೋ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ಕೊರೊನಾ ಬಂದು ಮಾರುಕಟ್ಟೆ ಕುಸಿದು ನನ್ನ ಪರದೆಯೆಲ್ಲ ಕೆಂಪಾಗಿದ್ದಾಗಲೂ ಅವರದು ಅದೇ ಪ್ರಶ್ನೆ. ಬಂತು ಎಂದೆ. "ಹಂಗಾರ ಉಣ್ಣು ಹೋಗು" ಎಂದರು. ಆ ದಿನಗಳಲ್ಲಿ ನನ್ನನ್ನು ಊಟಕ್ಕೆ ಎಬ್ಬಿಸಿದ್ದು ಆ ಮಾತೊಂದೇ.

ಆ ವರ್ಷದ ಕೊನೆಗೆ ಕೆಲಸ ಹುಡುಕಿಕೊಂಡು ಕಾರ್ಲ್ಸ್‌ಬಾಡಿಗೆ ಬಂದೆವು. ನಾನು ಔಷಧ ಸಂಶೋಧನೆಯ ಕಂಪನಿಯೊಂದಕ್ಕೆ ಸೇರಿದೆ. ಗಂಟುಮೂಟೆಯೆಲ್ಲ ಬಂತು, ಶೇರುಗಳು ಬರಲಿಲ್ಲ. ಅಮೆರಿಕದ ವಿಳಾಸ ಕೊಟ್ಟದ್ದೇ ತಡ, ಕೆನಡಾದ ಬ್ರೋಕರ್ ಕಂಪನಿ ನನ್ನ ಖಾತೆಗೆ ಅರ್ಧ ಬೀಗ ಹಾಕಿತು: ಇನ್ನು ಮೇಲೆ ಮಾರಬಹುದು, ಕೊಳ್ಳುವಂತಿಲ್ಲ. ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿತ್ತು. ರೈಲ್ವೆ ಶೇರು ಇದ್ದದ್ದು ಕೆನಡಾದವರು ತೆರಿಗೆಯಿಲ್ಲದೆ ಉಳಿತಾಯ ಮಾಡಲೆಂದೇ ಕೊಟ್ಟ ಖಾತೆಯಲ್ಲಿ. ಗಡಿಯ ಈಚೆಗೆ ಆ ರಿಯಾಯಿತಿಗೆ ಕಿಲುಬು ಕಾಸಿನ ಬೆಲೆಯಿಲ್ಲ. ಪ್ರತಿ ವರ್ಷ ತೆರಿಗೆಯ ಲೆಕ್ಕ ಒಪ್ಪಿಸುವಾಗ ಅದೊಂದು ಖಾತೆಗೆ ಕಂತೆಗಟ್ಟಲೆ ಕಾಗದ. "ಮಾರಿ ಕೈ ತೊಳ್ಕೊ" ಎಂದ ಗಂಡ. ನಾನು ಕೇಳಲಿಲ್ಲ. ನನಗೆ ಹಟ ಬಂದರೆ ಹಾಗೇ.

ವಿಮಾನಗಳು ಮತ್ತೆ ಸರಾಗವಾದ ಮೇಲೆ, ತಮ್ಮನ ಮನೆಯ ಮೊಮ್ಮಕ್ಕಳ ಗಲಾಟೆಯಿಂದ ನಾಲ್ಕು ತಿಂಗಳ ರಜೆ ಪಡೆದು ಅಪ್ಪ ಬಂದರು. ಅವರನ್ನು ಮೊದಲ ಭಾನುವಾರ ಹತ್ತಿರದ ಡೆಲ್ ಮಾರ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಸಮುದ್ರದ ದಂಡೆಯ ಎತ್ತರದಲ್ಲಿ ಸಣ್ಣ ಪಾರ್ಕು, ಅದರ ಹಿಂದೆಯೇ ರೈಲು ಹಳಿ. ಜನರೆಲ್ಲ ಸೂರ್ಯ ಮುಳುಗುವುದನ್ನು ನೋಡಲು ಬಂದಿದ್ದರೆ, ನಮ್ಮಪ್ಪ ಬೆಂಚಿನ ಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ತಿರುಗಿ ಕುಳಿತರು.

"ಅಪ್ಪಾ, ಸಮುದ್ರ ಈ ಕಡಿ ಐತ್ರಿ."

"ಐತೆಲ್ಲ, ಎಲ್ಲಿಗಿ ಹೊಕ್ಕೈತಿ ಅದು? ಗಾಡಿ ಹ್ವಾದ್ರ ಸಿಗೂದಿಲ್ಲ."

ಅಲ್ಲಿ ಓಡಾಡುವುದು ಹೆಚ್ಚಾಗಿ ಪ್ಯಾಸೆಂಜರ್ ಗಾಡಿ. ಗೂಡ್ಸ್ ಅಪರೂಪ. ಈ ದೇಶದಲ್ಲಿ ಒಂದು ಕಂಪನಿಯ ಗೂಡ್ಸಿಗೆ ಇನ್ನೊಂದು ಕಂಪನಿಯ ಡಬ್ಬಿಗಳೂ ಸೇರಿಕೊಳ್ಳುತ್ತವೆ, ಕೆನಡಾದ ಡಬ್ಬಿಗಳೂ ಇಲ್ಲಿಯವರೆಗೆ ಬರುತ್ತವೆ ಎಂದು ನಾನು ಬಾಯಿ ತಪ್ಪಿ ಹೇಳಿದ್ದೆ. ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಡೆಲ್ ಮಾರ್ ಆಯಿತು. ನಾನು ಡಬ್ಬದಲ್ಲಿ ಅವಲಕ್ಕಿ ಹಾಕಿಕೊಂಡು ಹೋಗುತ್ತಿದ್ದೆ. ಒಂದು ಸಂಜೆ ಅಂತೂ ಗೂಡ್ಸ್ ಬಂತು, ನಡುವೆ ನಮ್ಮ ಕಂಪನಿಯ ಅಕ್ಷರವಿದ್ದ ಡಬ್ಬಿಯೂ ಬಂತು. ಅಪ್ಪ ಅವಲಕ್ಕಿ ಕೈಯಲ್ಲೇ ಎದ್ದು ನಿಂತರು. "ನಮ್ದ, ನಮ್ದ!" ನಾಯಿ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಆದರೆ ಗಾಡಿಯ ಕೊನೆ ಬಂದಾಗ ಅವರ ಮುಖ ಬಾಡಿತು. ಕೊನೆಯ ಡಬ್ಬಿಗೆ ಒಂದು ಕೆಂಪು ದೀಪ ಸಿಕ್ಕಿಸಿದ್ದರು, ಮನುಷ್ಯ ಇರಲಿಲ್ಲ.

"ಗಾರ್ಡ್ ಇಲ್ಲೇನಬೇ?"

"ಇಲ್ರಿ. ಮಷೀನ ನೋಡ್ಕೊಂತೈತಿ."

"ಹಿಂದ ಯಾರರ ಇರಬೇಕಬೇ" ಎಂದರು. ಆಮೇಲೆ ನನ್ನ ಹಸಿರು ದುಪಟ್ಟಾದ ಅಂಚನ್ನು ಎಳೆದುಕೊಂಡು, ಆ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೂ ಎತ್ತಿ ಹಿಡಿದರು. ನನಗೆ ನಾಚಿಕೆ, ನಗು ಎರಡೂ ಬಂದವು. ಈಗ ನೆನೆದರೆ ನಗು ಮಾತ್ರ ಬರುವುದಿಲ್ಲ.

ಆ ವರ್ಷ ತೆರಿಗೆಯ ಲೆಕ್ಕ ಮಾಡಿಸಲು ನಾರ್ತ್‌ರಿಜ್‌ನ ಒಬ್ಬ ಕನ್ನಡದ ಲೆಕ್ಕಿಗರನ್ನು ಹುಡುಕಿದ್ದೆವು. ರೈಲು ಎಂದೊಡನೆ ಅಪ್ಪನೂ ಹೊರಟರು. ಲಾಸ್ ಏಂಜಲೀಸಿನಲ್ಲಿ ಗಾಡಿ ಬದಲಿಸಿ ಹೋದೆವು. ಲೆಕ್ಕಿಗರು ಕಾಗದ ತಿರುವಿ ತಲೆ ಕೊಡವಿದರು. "ಮೇಡಂ, ಇದನ್ನ ಇಟ್ಕೊಂಡಷ್ಟು ದಿನ ತಲೆನೋವೇ. ಮಾರ್ಬಿಡಿ. ಅದೇ ಕಂಪನಿ ಶೇರು ನ್ಯೂಯಾರ್ಕಲ್ಲೂ ಸಿಗುತ್ತೆ, ಬೇಕಾದ್ರೆ ಇಲ್ಲಿ ತಗೊಳ್ಳಿ." ಅಪ್ಪ ಪಕ್ಕದಲ್ಲೇ ಕುಳಿತಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ಅಪ್ಪ ಕೇಳಿದರು: "ಅಲ್ಲಿ ಮಾರಿ, ಇಲ್ಲಿ ತೊಗೊಳ್ಳೂದ್ರಾಗ ಎಷ್ಟು ದಿವಸ ಹೊಕ್ಕಾವ?"

ಮಾರಿದ ದುಡ್ಡು ಕೈಗೆ ಬರಬೇಕು, ಕೆನಡಾದ ಡಾಲರು ಅಮೆರಿಕದ್ದಾಗಬೇಕು, ಇಲ್ಲಿಗೆ ಬರಬೇಕು. "ಒಂದೆರಡು ವಾರ ಆಗಬಹುದ್ರಿ."

"ಅಲ್ಲೀತನಕಾ ಗಾಡಿ ಯಾರ ಚಾರ್ಜಿನ್ಯಾಗ?"

ನಾನು ನಕ್ಕೆ. ಅವರು ನಗಲಿಲ್ಲ. ಅವರ ನೌಕರಿಯ ನಿಯಮ ಅದು: ಒಬ್ಬ ಗಾರ್ಡ್ ಇಳಿದು ಇನ್ನೊಬ್ಬ ಹತ್ತುವ ಸ್ಟೇಷನ್ನಿನಲ್ಲಿ, ಹೊಸಬ ಬಂದು ಚಾರ್ಜ್, ಅಂದರೆ ಗಾಡಿಯ ಹೊಣೆ, ತೆಗೆದುಕೊಳ್ಳುವವರೆಗೆ ಹಳಬ ಇಳಿಯುವಂತಿಲ್ಲ. ಹಸಿದಿರಲಿ, ಜ್ವರವಿರಲಿ, ಮನೆಯಲ್ಲಿ ಮಗು ಹುಟ್ಟುತ್ತಿರಲಿ. ನಾನು ಹುಟ್ಟಿದ ದಿನ ಅವರು ಹಾಗೇ ಒಂದು ಸಣ್ಣ ಸ್ಟೇಷನ್ನಿನಲ್ಲಿ ಬದಲಿ ಗಾರ್ಡಿಗಾಗಿ ಕಾದು ಕುಳಿತಿದ್ದರಂತೆ. ಅಮ್ಮ ಇದ್ದಷ್ಟು ದಿನ ಅದನ್ನು ಎತ್ತಿ ಆಡುತ್ತಿದ್ದಳು. "ಮೊದಲ ಚಾರ್ಜ್ ತೊಗೋ, ಆಮ್ಯಾಲ ಕೊಡು. ನಡುವ ಖಾಲಿ ಬಿಡಬ್ಯಾಡ" ಎಂದರು ಅಪ್ಪ.

ಲೆಕ್ಕಕ್ಕೆ ಇದರಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ನಾನು ಒಪ್ಪಿದೆ. ಸಂಬಳದ ದುಡ್ಡಿನಲ್ಲಿ ಇಲ್ಲಿ ಒಂದು ಶೇರು ಮೊದಲೇ ಕೊಳ್ಳುವುದು, ಆಮೇಲೆ ಅಲ್ಲಿನದನ್ನು ಮಾರುವುದು ಎಂದಾಯಿತು. ಆ ಸೋಮವಾರ ಆರೂವರೆಗೆ ಮೊದಲೇ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ವಿಮಾನದಲ್ಲಿ ಹಾಕಿಕೊಂಡು ಬಂದಿದ್ದ ಕೋಟು ತೊಟ್ಟು ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದರು. ಗಂಡ ಗ್ಯಾಸು ಸಣ್ಣ ಮಾಡಿ ನಿಂತ. ಮಾರುಕಟ್ಟೆ ತೆರೆಯಿತು. ನ್ಯೂಯಾರ್ಕಿನಲ್ಲಿ ಒಂದೇ ಒಂದು ಶೇರು ಕೊಂಡೆ. "ಬಂತೇನು?" "ಬಂತ್ರಿ." "ಛಲೋತ್ನಾಗಿ ನೋಡು." ನೋಡಿದೆ, ಬಂದಿತ್ತು. "ಈಗ ಕೊಡು" ಎಂದರು. ಟೊರೊಂಟೊದಲ್ಲಿದ್ದ ರೈಲ್ವೆ ಶೇರುಗಳಷ್ಟನ್ನೂ ಮಾರಿದೆ. ಟೊರೊಂಟೊದ ಆ ಮೊದಲ ಚಳಿಗಾಲ, ಅಲ್ಲಿ ನಾನಿದ್ದ ನೆಲಮಾಳಿಗೆಯ ಬಾಡಿಗೆ ಕೋಣೆ, ಅವರ ಮೊದಲ "ತೊಗೋ ಯವ್ವಾ", ಎಲ್ಲ ಆ ಒಂದು ಗುಂಡಿ ಒತ್ತುವುದರಲ್ಲಿ ಹೋಗುತ್ತಿವೆ ಎನಿಸಿ ಅಳು ಬಂತು. ಅಪ್ಪ ಕೈ ಒರೆಸುವ ಹಸಿರು ವಸ್ತ್ರವನ್ನು ತೆಗೆದು ಎತ್ತಿ ತೋರಿಸಿದರು. ಅಳುತ್ತಿದ್ದವಳು ನಕ್ಕುಬಿಟ್ಟೆ. ಅಷ್ಟರಲ್ಲಿ ಹಾಲು ಉಕ್ಕಿತು.

ದುಡ್ಡು ಬಂದ ಮೇಲೆ ಉಳಿದ ರೈಲ್ವೆ ಶೇರುಗಳನ್ನೂ ಇಲ್ಲೇ ಕೊಂಡೆ. ಅಪ್ಪ ಊರಿಗೆ ಹೋದರು. ಮೂರು ತಿಂಗಳಿಗೊಮ್ಮೆ ಫೋನು ಮತ್ತೆ ಬರುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ತಮ್ಮನ ಫೋನು ಬಂತು: ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ, ಬೇಗ ಬಾ. ಸಿಕ್ಕ ಟಿಕೆಟು ಹಿಡಿದು ಲಾಸ್ ಏಂಜಲೀಸಿನಿಂದ ಹೊರಟೆ. ದುಬೈನಲ್ಲಿ ವಿಮಾನ ಬದಲಿಸುವಾಗ ಫೋನು ಹಚ್ಚಿದರೆ ಎಲ್ಲ ಮುಗಿದಿತ್ತು. ನನಗಾಗಿ ಕಾಯಲಿಲ್ಲ. ಜನ್ಮವಿಡೀ ಬದಲಿ ಬರುವವರೆಗೆ ಇಳಿಯದ ಮನುಷ್ಯ, ನಾನು ತಲುಪುವ ಮೊದಲೇ ಇಳಿದುಬಿಟ್ಟಿದ್ದರು. ಅವರ ಮೇಲೆ ನನಗೆ ಸಿಟ್ಟು ಬಂತು. ಇವತ್ತಿಗೂ ಪೂರ್ತಿ ಇಳಿದಿಲ್ಲ.

ತಿರುಗಿ ಬಂದ ಮೇಲೆ ಮೊದಲ ಡಿವಿಡೆಂಡ್ ಜಮೆಯಾಯಿತು. ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಆ ದಿನ ಆಫೀಸಿಗೆ ರಜೆ ಹಾಕಿ ಒಬ್ಬಳೇ ಡೆಲ್ ಮಾರ್‌ಗೆ ಹೋದೆ. ಅದೇ ಬೆಂಚಿನ ಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ಕುಳಿತೆ. ಪ್ಯಾಸೆಂಜರ್ ಗಾಡಿಗಳು ಹೋದವು, ಬಂದವು. ಮಧ್ಯಾಹ್ನ ಕಳೆದು, ಇನ್ನು ಏಳೋಣ ಎನ್ನುವಾಗ ಗೂಡ್ಸ್ ಬಂತು. ಕಣ್ಣು ಬಿಟ್ಟು ನೋಡಿದೆ. ನಮ್ಮ ಕಂಪನಿಯ ಡಬ್ಬಿ ಒಂದೂ ಇರಲಿಲ್ಲ. ಕೊನೆಗೆ ಆ ಕೆಂಪು ದೀಪ, ಮನುಷ್ಯರಿಲ್ಲದ ಡಬ್ಬಿ.

"ಬಂತ್ರಿ ಅಪ್ಪಾ, ಟೈಮಿಗೆ ಬಂತು" ಎಂದೆ. ಎದ್ದು ನಿಂತು, ಹಸಿರು ದುಪಟ್ಟಾದ ಅಂಚನ್ನು ಎತ್ತಿ ಹಿಡಿದೆ. ಕೈ ನೋಯುತ್ತಿದ್ದರೂ ಗಾಡಿ ತಿರುವು ದಾಟುವವರೆಗೆ ಇಳಿಸಲಿಲ್ಲ.