ಗಳದ ಮೇಲಿನ ಕೆಂಪು ವಸ್ತ್ರ

ಒಳ್ಳೆಯ ನಿದ್ದೆ ಎಂದರೆ ಮುದುಕನಾದ ಮೇಲೂ ಮೆಹಬೂಬನಿಗೆ ನೆನಪಾಗುತ್ತಿದ್ದುದು ಒಂದು ಕೆಂಪು ವಸ್ತ್ರ.

ಯುದ್ಧದ ವರ್ಷಗಳಲ್ಲಿ ಹಾರನಹಳ್ಳಿಯ ದೇವರಾಜು ಅವರ ಹೊಗೆಸೊಪ್ಪು ಹದಮಾಡುವ ಗೂಡಿನಲ್ಲಿ ಅವನೂ ಪುಟ್ಟಮಲ್ಲಪ್ಪನೂ ಬೆಂಕಿ ಕಾಯುತ್ತಿದ್ದರು. ಸೊಪ್ಪು ಹದಕ್ಕೆ ಬರಲು ಐದಾರು ದಿನ ಬೇಕು. ಅಲ್ಲಿಯವರೆಗೆ ಹಗಲಿರುಳು ಒಲೆ ಆರುವಂತಿಲ್ಲ. ಹಿಂದಿನ ವರ್ಷ ರಾತ್ರಿ ಪಾಳಿ ಮಾಡಿದ್ದ ಪುಟ್ಟಮಲ್ಲಪ್ಪ ಹಗಲೆಲ್ಲ ಗೊರಕೆ ಹೊಡೆದು ಮೈ ತುಂಬಿಕೊಂಡಿದ್ದ. ಈ ವರ್ಷ ರಾತ್ರಿಗೆ ಮೆಹಬೂಬನ ಸರದಿ.

ಮೆಹಬೂಬ ಬಾಗಿಲಿಗೆ ಅಗುಳಿ ಹಾಕಿ ಮೂರು ಸಲ ಎಳೆದು ನೋಡುವ ಮನುಷ್ಯ. ಬೆಳಿಗ್ಗೆ ಬಂದು ಮಲಗಿದರೆ ಕಣ್ಣ ಮುಂದೆ ಒಲೆ. ಪುಟ್ಟಮಲ್ಲಪ್ಪ ಹಸಿ ಸೌದೆ ಹಾಕಿದನೇನೋ, ತೂಕಡಿಸಿದನೇನೋ. ಹೆಂಡತಿ ಜಾನ್ ಬೀ ಕಿಟಕಿಗೆ ಗೋಣಿ ಕಟ್ಟಿದಳು, ಕೋಳಿಗಳನ್ನು ಹಿತ್ತಿಲಿಗಟ್ಟಿದಳು. ಏನೂ ಪ್ರಯೋಜನವಾಗಲಿಲ್ಲ. ಅನ್ನ ಸೇರದೆ, ತಿಂಗಳೊಳಗೆ ಅವನ ಅಂಗಿ ಗೂಟಕ್ಕೆ ತೂಗುಹಾಕಿದಂತೆ ಕಾಣತೊಡಗಿತು.

ಒಂದು ಮಧ್ಯಾಹ್ನ ತಡೆಯಲಾರದೆ ಎದ್ದು ಗೂಡಿಗೆ ಹೋದ. ಪುಟ್ಟಮಲ್ಲಪ್ಪ ನೀರು ತರಲು ಹೋಗಿದ್ದ. ಎಲೆ ಹಳದಿಗೆ ತಿರುಗುವ ಹೊತ್ತೆಂದು ಅವನು ಬೇಕೆಂದೇ ಬೆಂಕಿ ಇಳಿಸಿದ್ದ. ನಿದ್ದೆಗೆಟ್ಟ ಮೆಹಬೂಬನಿಗೆ ಅದು ಹೊಳೆಯಲಿಲ್ಲ. ನಾಲ್ಕು ಕೊರಡು ತುರುಕಿ ಬಂದ. ಸಂಜೆಯ ಹೊತ್ತಿಗೆ ಎಲೆಗಳು ಕಪ್ಪಿಟ್ಟಿದ್ದವು.

ಅವನು ತಪ್ಪೊಪ್ಪಿಕೊಂಡ. ದೇವರಾಜು ಬೈಯಲಿಲ್ಲ. ಹಗಲು ಮಲಗಲಾರದವನ ಕೈಗೆ ರಾತ್ರಿ ಬೆಂಕಿ ಕೊಡಲಾಗದು, ಎಂಟು ದಿನದಲ್ಲಿ ಸರಿಹೋಗದಿದ್ದರೆ ಬೇರೆ ಆಳು ನೋಡುತ್ತೇನೆ ಎಂದರು. ಪಾಳಿ ಬದಲಿಸಿಕೊಳ್ಳೋಣವೆಂದು ಪುಟ್ಟಮಲ್ಲಪ್ಪ ಕೇಳಿದರೆ ಮೆಹಬೂಬ ಒಪ್ಪಲಿಲ್ಲ. ಸರದಿ ಎಂದರೆ ಸರದಿ.

“ನಿದ್ದೆನೂ ಕೆಲ್ಸವೇ ಕಣ್ಲಾ, ನಿನ್ ಬದ್ಲು ನಾನ್ ಮಾಡಾಕಾಯ್ತದಾ?” ಎಂದ ಪುಟ್ಟಮಲ್ಲಪ್ಪ. “ನಿನ್ ಕಿಟ್ಕೀಗೆ ಗೂಡು ಕಾಣ್ತದೆ. ಬೆಂಕಿ ಸರಿಯಾಗಿದ್ರೆ ಗೂಡಿನ್ ಮುಂದಿರೋ ಬಿದ್ರು ಗಳಕ್ಕೆ ನನ್ ಕೆಂಪು ವಸ್ತ್ರ ಕಟ್ತೀನಿ. ಅದು ಕಂಡ್ರೆ ಸುಮ್ಕೆ ಮನಿಕ್ಕೊ.”

ಮರುದಿನ ಜಾನ್ ಬೀ ಕಿಟಕಿಯ ಗೋಣಿ ಬಿಚ್ಚಿದಳು. ಕೆಂಪು ಕಂಡಿತು. ಮೆಹಬೂಬ ಬಿಸಿಲು ಮುಖಕ್ಕೆ ಬಿದ್ದರೂ ಏಳದೆ ಸಂಜೆಯವರೆಗೆ ಮಲಗಿದ. ಎಂಟನೆಯ ದಿನ ದೇವರಾಜು ಅವನ ಮುಖ ನೋಡಿ, ಮುಂದಿನ ಸಲದ ಸೊಪ್ಪನ್ನು ಗೂಡಿಗೆ ಏರಿಸಲು ಅವನಿಗೇ ಅಪ್ಪಣೆ ಕೊಟ್ಟರು.

ಮರುದಿನ ನಸುಕಿನಲ್ಲಿ, ಪಾಳಿ ಮುಗಿಯುವ ಹೊತ್ತಿಗೆ, ಮೆಹಬೂಬ ಗಳದ ಬಳಿ ಹೋದ. ಪುಟ್ಟಮಲ್ಲಪ್ಪ ಇನ್ನೂ ಬಂದಿರಲಿಲ್ಲ. ವಸ್ತ್ರ ಮಾತ್ರ ಮಂಜಿನಲ್ಲಿ ನೆನೆದು ಜೋತುಬಿದ್ದಿತ್ತು. ಬೆಂಕಿ ಹೇಗೇ ಇರಲಿ, ಮೊದಲ ದಿನ ಕಟ್ಟಿದ್ದನ್ನು ಆ ಪುಣ್ಯಾತ್ಮ ಬಿಚ್ಚಿಯೇ ಇರಲಿಲ್ಲ.

ಗಂಟು ಸಡಿಲವಾಗಿತ್ತು. ಮೆಹಬೂಬ ಅದನ್ನು ಬಿಗಿದು, ಮೂರು ಸಲ ಎಳೆದು ನೋಡಿದ. ಪುಟ್ಟಮಲ್ಲಪ್ಪ ಬಂದ ಮೇಲೆ ಮನೆಗೆ ಹೋಗಿ, ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿ, ಮಲಗಿದ.