ಸಾವಿನ ದಿನ ಹಾಸಿದ ಪಾವು

ಎದುರುಮನೆ ಮಾವ ಮಾತಿಗೆ ನಿಂತರೆ ಮೊದಲು ಅವರ ಕತ್ತಿನ ಬಲಗಡೆಯ ನರ ಉಬ್ಬುತ್ತಿತ್ತು. ಹೆಬ್ಬೆರಳು ದಪ್ಪದ ನರ. ಅದು ಉಬ್ಬಿತೆಂದರೆ ಅವತ್ತು ದಿಲ್ಲಿಯವರಿಗೆ ಗ್ರಹಚಾರ ಕೆಟ್ಟಿದೆ ಎಂದು ನಮ್ಮ ಬೀದಿಯಲ್ಲಿ ನಗುತ್ತಿದ್ದರು. ಟೀ ಅಂಗಡಿಯ ಪೇಪರಿನಲ್ಲಿ ಅವರು ಮೊದಲು ಹುಡುಕುತ್ತಿದ್ದುದು ಹೊರದೇಶದ ಸುದ್ದಿ. ಯಾವ ದೇಶ ಯಾವ ದೇಶದ ಮೇಲೆ ಹಲ್ಲು ಮಸೆಯುತ್ತಿದೆ, ನಮ್ಮವರು ಅದಕ್ಕೆ ಏನೆಂದರು, ಏನು ಅನ್ನಬೇಕಿತ್ತು, ಎಲ್ಲ ಅವರ ಬಾಯಲ್ಲೇ ತೀರ್ಮಾನವಾಗುತ್ತಿತ್ತು. "ಮನೇಲಿ ಉಪ್ಪು ಐತೋ ಇಲ್ವೋ ಇವ್ರಿಗೆ ಗೊತ್ತಿಲ್ಲ, ರಷ್ಯಾದವ್ನು ಏನ್ ತಪ್ಪು ಮಾಡ್ದ ಅಂತ ಗೊತ್ತು" ಎಂದು ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಲೇ ಚುಚ್ಚುತ್ತಿದ್ದರು.

ಸಂಬಂಧದಲ್ಲಿ ಅವರು ನನಗೆ ಮಾವನಲ್ಲ. ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಎದುರುಮನೆಯವರೆಂದರೆ ಮಾವನೋ ಚಿಕ್ಕಪ್ಪನೋ ಆಗಲೇಬೇಕು. ನಮ್ಮದು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡದ ಅಕ್ಷರಗಳನ್ನು ನನಗೆ ಕಲಿಸಿದವರು ಅವರೇ. ಮಗ್ಗದ ಗುಂಡಿಯಲ್ಲಿ ಕಾಲಾಡಿಸುತ್ತಾ, ಲಾಳಿ ಎಸೆಯುತ್ತಾ, ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಗೋಡೆಯ ಮೇಲೆ ಬರೆಸುತ್ತಿದ್ದರು. ತಪ್ಪಾದರೆ ಬೈಗಳು ಧಾರಾಳ. ಬೈದ ಮೇಲೆ ಒಂದು ಕಡಲೆಮಿಠಾಯಿ.

ಮಾವ ಕಟ್ಚಿಯ ಮನುಷ್ಯ. ಪಕ್ಷ ಎನ್ನುವುದಕ್ಕೆ ನಮ್ಮ ಕಡೆ ಕಟ್ಚಿ ಎಂದೇ ಹೇಳುವುದು. ದಿಲ್ಲಿಯಲ್ಲಿ ಆಳುವವರಿಗೂ ಅವರ ಕಟ್ಚಿಗೂ ಎಣ್ಣೆ ಸೀಗೇಕಾಯಿ. ಬೀದಿ ತುದಿಯಲ್ಲಿ ಕೂಟ ನಡೆದರೆ ಮಾವನಿಗೊಂದು ಮೈಕು ಇದ್ದೇ ಇರುತ್ತಿತ್ತು. ಕಟ್ಚಿಯ ಬಣ್ಣದ ಅಂಚಿಲ್ಲದ ಪಂಚೆಯನ್ನು ಅವರು ಉಟ್ಟದ್ದೇ ಇಲ್ಲ; ಆ ಅಂಚನ್ನೂ ತಾವೇ ನೇಯ್ದುಕೊಳ್ಳುತ್ತಿದ್ದರು. "ನಾನ್ ಸತ್ರೆ ಊವು ಬ್ಯಾಡ, ಕಟ್ಚಿ ಕೊಡಿ ಒದಿಸ್ರಿ ಸಾಕು" ಎನ್ನುತ್ತಿದ್ದರು. ಕೊಡಿ ಎಂದರೆ ಬಾವುಟ. ಆದರೆ ಸುಳ್ಳು ಹೇಳಿ ಬೈಯುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. "ಬಾಯಿ ಐತೆ ಅಂತ ಊರ್ ಮ್ಯಾಲೆಲ್ಲ ಉಗಿಬಾರ್ದು, ಉಗಿಬೇಕಾದ್ ಕಡೆ ನುಂಗ್ಲೂಬಾರ್ದು" ಎಂಬುದು ಅವರ ಮಾತು.

ಅವರ ಮನೆಯಲ್ಲೇ ಅವರ ವಿಧವೆ ತಂಗಿ ಇದ್ದರು. ನಾನು ಚಿಕ್ಕಮ್ಮ ಎನ್ನುತ್ತೇನೆ. ಚಿಕ್ಕಮ್ಮನ ಒಬ್ಬನೇ ಮಗನನ್ನು ಬೆಳೆಸಿದವರು ಮಾವ. ಹುಡುಗನಿಗೆ ಮಗ್ಗ ಹಿಡಿಸಲಿಲ್ಲ, ಒಲೆ ಹಿಡಿಸಿತು. ಅಡುಗೆ ಕಲಿತು ಹೊರದೇಶದ ಒಂದು ಹೋಟೆಲಿಗೆ ಹೋದ. ಒಂದು ಸಂಜೆ ಅಲ್ಲಿಗೆ ಬಂದೂಕು ಹಿಡಿದವರು ನುಗ್ಗಿದರು. ಸತ್ತವರಲ್ಲಿ ಅವನೂ ಇದ್ದ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಚಿಕ್ಕಮ್ಮ ಕೇಳಿದ್ದು ಒಂದೇ. "ನನ್ ಮಗನ್ ಮುಖ ತೋರ್ಸಿ." ಹೆಣ ಬರುವ ದಾರಿ ಕಾಯುತ್ತಾ ಆಕೆ ಬಾಗಿಲ ಬಳಿ ಕುಳಿತಿದ್ದರೆ ಟಿವಿಯಲ್ಲಿ ಜಗಳ ಶುರುವಾಯಿತು. ದಿಲ್ಲಿಯವರು ತಡವಾಗಿ ಎರಡು ಸಾಲಿನ ಹೇಳಿಕೆ ಕೊಟ್ಟರು, ಬಲವಾಗಿ ಖಂಡಿಸುತ್ತೇವೆ ಎಂದು. ಸತ್ತವನ ಊರೂ ಅದರಲ್ಲಿರಲಿಲ್ಲ. ಆ ದೇಶದವರ ಮನಸ್ಸು ನೋಯಬಾರದೆಂದು ಮಾತನ್ನು ತೂಗಿ ತೂಗಿ ಆಡಿದರಂತೆ. ಮಾವನ ಕಟ್ಚಿಯವರು ಇದನ್ನೇ ಹಿಡಿದುಕೊಂಡರು. ಸರ್ಕಾರ ಮಂಡಿಯೂರಿತು, ನಮ್ಮ ಮಗನ ನೆತ್ತರಿಗೆ ಬೆಲೆಯಿಲ್ಲ ಎಂದು ಪೋಸ್ಟರು ಅಂಟಿಸಿದರು. ಪೋಸ್ಟರಿನಲ್ಲಿ ಹುಡುಗನ ಮುಖ ಬೊಟ್ಟಿನಷ್ಟು, ನಾಯಕರ ಮುಖ ಬಾಗಿಲಿನಷ್ಟು. ಆಳುವ ಕಡೆಯವರೂ ಬಂದರು. ಸಾವಿನ ಮನೆಯ ಜಗಲಿಯಲ್ಲಿ ಕುಳಿತು, ಇಂಥ ಹೊತ್ತಿನಲ್ಲಿ ಸರ್ಕಾರವನ್ನು ಪ್ರಶ್ನಿಸುವುದು ದೇಶದ್ರೋಹ ಎಂದು ಮಾವನಿಗೇ ಬುದ್ಧಿ ಹೇಳಿದರು. ಮಗನನ್ನು ಕಳೆದುಕೊಂಡ ಮನೆಯವರು ಪ್ರಶ್ನಿಸಬಾರದಾದರೆ ಇನ್ನು ಯಾರು ಪ್ರಶ್ನಿಸಬೇಕು? ನಾನು ಕೇಳಿಯೇಬಿಟ್ಟೆ. ಅವರು ಚಪ್ಪಲಿ ಹುಡುಕತೊಡಗಿದರು.

ಬೀದಿ ತುದಿಯಲ್ಲಿ ಕಟ್ಚಿ ಖಂಡನಾ ಕೂಟ ಕರೆಯಿತು. ಮಾವನೇ ಮುಖ್ಯ ಭಾಷಣಕಾರ. ಜಿಲ್ಲಾ ಕಾರ್ಯದರ್ಶಿ ಮೊದಲು ಮಾತಾಡಿ, ರಾಯಭಾರ ಕಚೇರಿಯಿಂದ ಈ ಮನೆಗೆ ಒಂದು ಫೋನೂ ಬಂದಿಲ್ಲ ಎಂದು ಗುಡುಗಿದ. ಜನ ಕೈ ತಟ್ಟಿದರು. ಅದು ಅಪ್ಪಟ ಸುಳ್ಳು. ಆ ಕಚೇರಿಯ ಒಬ್ಬ ಹೆಣ್ಣುಮಗಳು ದಿನವೂ ಫೋನು ಮಾಡುತ್ತಿದ್ದಳು, ಮಲೆಯಾಳ ಬೆರೆತ ತಮಿಳಿನಲ್ಲಿ. ಹೆಣ ಗುರುತಿಸಲು ತಾನೇ ಹೋಗಿದ್ದೆ ಎಂದು ಹೇಳುವಾಗ ಅವಳೂ ಅತ್ತಿದ್ದಳು. ಅವಳ ಫೋನನ್ನು ದಿನವೂ ಎತ್ತಿ ಮಾತಾಡುತ್ತಿದ್ದವರು ಮಾವ.

ಮೈಕು ಮಾವನ ಕೈಗೆ ಬಂತು. ನರ ಉಬ್ಬಿತು. ವೇದಿಕೆಯ ಮೇಲೆ ಅವರದು ತಮಿಳು. ಹೇಳಿದ್ದರ ಸಾರ ಇಷ್ಟು. ಖಂಡಿಸುವುದಕ್ಕೂ ಮುಹೂರ್ತ ನೋಡಿದ ಸರ್ಕಾರ ಇದು, ಕೊಂದವರ ಹೆಸರೆತ್ತಲು ನಾಲಿಗೆ ಬರಲಿಲ್ಲ, ನಾಚಿಕೆಗೇಡು. ಜನ ಶಿಳ್ಳೆ ಹಾಕಿದರು. ಆದರೆ ಫೋನು ಬಂದಿಲ್ಲ ಎಂಬುದು ಸುಳ್ಳು, ದಿನಾ ಫೋನು ಮಾಡಿದ ಆ ಹೆಣ್ಣುಮಗಳಿಗೆ ಈ ಮನೆ ಕೈ ಮುಗಿಯುತ್ತದೆ, ಎಂದರು. ಮೈಕು ಸತ್ತಿತು. ಯಾರೋ ವೈರು ಕಿತ್ತಿದ್ದರು. ಮೈಕಿಲ್ಲದೆಯೂ ಬೀದಿಗೆಲ್ಲ ಕೇಳುವ ಗಂಟಲು ಅದು. ಉಳಿದದ್ದನ್ನು ಹಾಗೆಯೇ ಮುಗಿಸಿ ಇಳಿದರು. ಕಾರ್ಯದರ್ಶಿ ಅವರತ್ತ ನೋಡಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹೆಣ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬರುವುದಿತ್ತು. ನನ್ನ ಅಪ್ಪ ಆಂಬುಲೆನ್ಸಿನ ಜೊತೆ ಹೋಗಿದ್ದರು. ಬೆಳಿಗ್ಗೆ ಕಾರಿಮಂಗಲದಿಂದ ಅಪ್ಪನ ಫೋನು. ಆಳುವ ಕಡೆಯವರು ಗಾಡಿ ತಡೆದು ಹಾರ ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದಾರಂತೆ. ಧರ್ಮಪುರಿ ದಾಟಿ ಅದಿಯಮಾನ್‌ಕೋಟೆಗೆ ಬಂದರೆ ಅಲ್ಲಿ ಮಾವನ ಕಟ್ಚಿಯವರು, ಇನ್ನೂ ದೊಡ್ಡ ಹಾರದೊಂದಿಗೆ. ಅಪ್ಪ ಫೋನಿನಲ್ಲೇ ಅಳುತ್ತಿದ್ದರು. ಅಷ್ಟರಲ್ಲಿ ಕಾರ್ಯದರ್ಶಿ ನಮ್ಮ ಬೀದಿಗೇ ಬಂದ. "ತಲೈವರ್ ವರ ವರೈಕ್ಕುಂ ಬಾಡಿ ಎಡುಕ್ಕಾದೀಂಗ" ಎಂದ. ನಾಯಕರು ಬರುವವರೆಗೆ ಹೆಣ ಎತ್ತಬೇಡಿ ಎಂದು. ನಾಯಕರು ಚೆನ್ನೈಯಿಂದ ಇನ್ನೂ ಹೊರಟಿರಲಿಲ್ಲ. ಅಲ್ಲಿಯತನಕ ಪೆಟ್ಟಿಗೆ ಬೀದಿ ತುದಿಯ ಶಾಮಿಯಾನದಲ್ಲಿರಬೇಕಂತೆ, ಟಿವಿಯವರ ಮುಂದೆ. ಆಳುವ ಕಡೆಯವರೂ ಅದರೆದುರಿಗೇ ಇನ್ನೊಂದು ಶಾಮಿಯಾನ ಎಬ್ಬಿಸುತ್ತಿದ್ದರು. ಚಿಕ್ಕಮ್ಮ ಬಾಗಿಲಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಮಾವ ಒಳಗೆ ಹೋಗಿ ಪಾವಿನ ಸುರುಳಿ ಹೊತ್ತು ತಂದರು.

ನೇಯುವ ಮೊದಲು ಹಾಸಿನ ನೂಲನ್ನು ಬೀದಿಯುದ್ದಕ್ಕೂ ಎಳೆದು, ಕವೆಗೋಲುಗಳ ಮೇಲೆ ಬಿಗಿದು, ಗಂಜಿ ಹಚ್ಚಿ ಒಣಗಿಸುತ್ತೇವೆ. ಅದನ್ನೇ ಪಾವು ಎನ್ನುವುದು. ಪಾವು ಹಾಸಿದ ಬೀದಿಗೆ ಗಾಡಿ ಬರುವುದಿಲ್ಲ. ಅದನ್ನು ಯಾರೂ ದಾಟುವುದೂ ಇಲ್ಲ, ತುಳಿಯುವುದೂ ಇಲ್ಲ. ಆದರೆ ಬೀದಿಯಲ್ಲಿ ಸಾವಾದ ದಿನ ಪಾವು ಹಾಸುವಂತಿಲ್ಲ. ಆ ನೂಲಿಗೆ ಸೂತಕ ತಗಲುತ್ತದೆ, ಅದರ ಬಟ್ಟೆಯನ್ನು ಯಾರೂ ಉಡುವುದಿಲ್ಲ. ನನ್ನ ಅಜ್ಜಿಯ ಕಾಲದಿಂದಲೂ ಇದನ್ನು ಯಾರೂ ಮುರಿದಿರಲಿಲ್ಲ.

"ಎಣ ಬರೋ ದಿನ ಪಾವು ಆಸ್ತೀಯೇನಲಾ? ಬುದ್ಧಿ ನೆಟ್ಗೈತಾ?" ಬೀದಿಯ ಹಿರಿಯಜ್ಜ ಕೋಲೂರಿಕೊಂಡು ಬಂದು ಕೂಗಿದರು.

"ಪಾಪ ನಂಗಿರ್ಲಿ ದೊಡ್ಡಪ್ಪ. ನೂಲೂ ನಂದೇ. ಬೀದಿಗ್ ತಟ್ಟದ್ ಬ್ಯಾಡ" ಎಂದರು ಮಾವ. ಮತ್ತೆ ನನ್ನತ್ತ ತಿರುಗಿ, "ಏನ್ ನೋಡ್ತಾ ನಿಂತಿದ್ದೀಯವ್ವಾ? ಗಂಜಿ ಕಾಯ್ಸು. ನಿಮ್ಮಪ್ಪಂಗೆ ಯೇಳು, ತೊಪ್ಪೂರು ಘಾಟಿ ಇಳಿದ್ಮೇಲೆ ಯಾರಿಗೂ ನಿಲ್ಸದ್ ಬ್ಯಾಡ, ಅಮ್ಮನ ಗುಡಿ ಕಡೆಯಿಂದ ಗಾಡಿ ಬರ್ಲಿ."

ನಮ್ಮ ಬೀದಿಗೆ ಎರಡು ಬಾಯಿ. ಒಂದು ದೊಡ್ಡ ರಸ್ತೆಗೆ. ಶಾಮಿಯಾನಗಳೆರಡೂ ಅಲ್ಲೇ ಇದ್ದವು. ಇನ್ನೊಂದು ಗುಡಿಯ ಹಿಂದಿನ ಸಂದಿಗೆ, ಹೊರಗಿನವರಿಗೆ ಗೊತ್ತಿಲ್ಲದ್ದು. ದೊಡ್ಡ ರಸ್ತೆಯಿಂದ ತಮ್ಮ ಮನೆಯತನಕ ಮಾವ ಮನೆಯಲ್ಲಿದ್ದ ಪಾವುಗಳನ್ನೆಲ್ಲ ಅಕ್ಕಪಕ್ಕ ಎಳೆದರು. ಗೋಡೆಯಿಂದ ಗೋಡೆಗೆ ನೂಲು, ಬೆಕ್ಕಿಗೂ ಜಾಗವಿರಲಿಲ್ಲ. ಬೈಯುತ್ತಲೇ ಹಿರಿಯಜ್ಜ ಒಂದು ಕವೆಗೋಲು ಹಿಡಿದರು. ಹೆಂಗಸರು ಗಂಜಿಯ ಗಡಿಗೆ ಹೊತ್ತು ತಂದರು. ನಾವೆಲ್ಲ ಅಳುತ್ತಲೇ ಕುಂಚ ಎಳೆದೆವು.

ಎರಡೂ ಕಡೆಯವರು ನೂಲಿನ ಆಚೆ ನಿಂತು ಕೂಗಾಡಿದರು. ತುಳಿಯಲು ಒಬ್ಬನಿಗೂ ಧೈರ್ಯವಿರಲಿಲ್ಲ. ಟಿವಿಯವರ ಮುಂದೆ ನೇಕಾರರ ಪಾವು ತುಳಿದವನಿಗೆ ಈ ಕಡೆ ಮತ್ತೆ ಓಟು ಬೀಳುವುದುಂಟೇ? ಹುಡುಗನ ಸಾವಿಗೆ ಇರದಿದ್ದ ಮರ್ಯಾದೆ ಓಟಿನ ಭಯದಿಂದ ನೂಲಿಗೆ ಸಿಕ್ಕಿತು. ಥೂ.

ಗಾಡಿ ಗುಡಿಯ ಕಡೆಯಿಂದ ಸದ್ದಿಲ್ಲದೆ ಬಂತು. ಪೆಟ್ಟಿಗೆ ಒಳಗೆ ಹೋಯಿತು. ಮುಖದ ಬಹುಪಾಲಿಗೆ ಬಟ್ಟೆ ಸುತ್ತಿತ್ತು. ಚಿಕ್ಕಮ್ಮ ಬಗ್ಗಿ ಬಹಳ ಹೊತ್ತು ನೋಡಿ, ಬೆರಳಿನಿಂದ ಸವರಿ, "ಇದು ನನ್ ಮಗನ್ ಕಿವಿನೇ" ಎಂದರು. ಆಮೇಲಷ್ಟೇ ಆಕೆಗೆ ಅಳು ಬಂದದ್ದು. ಆ ಅಳುವನ್ನು ಯಾವ ಕ್ಯಾಮೆರಾವೂ ನೋಡಲಿಲ್ಲ. ನಾಯಕರು ಸೇಲಂ ಮುಟ್ಟುವ ಮೊದಲೇ ನಾವು ಮಣ್ಣು ಕೊಟ್ಟು ಬಂದಿದ್ದೆವು.

ಮಾವನನ್ನು ಕಟ್ಚಿಯಿಂದ ತೆಗೆದರು. ಟೀ ಅಂಗಡಿಯ ಗೋಡೆಗೇ ಚೀಟಿ ಅಂಟಿಸಿದರು. ದಿಲ್ಲಿಯವರ ಕಡೆ ವಾಲಿದ್ದಾನೆ, ಕೈ ಬೆಚ್ಚಗಾಗಿದೆ ಎಂದು ಹಬ್ಬಿಸಿದರು. ಮಾವ ಆ ಚೀಟಿಯ ಕೆಳಗೇ ಕುಳಿತು ಪೇಪರು ಓದುತ್ತಿದ್ದರು, ದಿಲ್ಲಿಯವರನ್ನು ಎಂದಿನಂತೆ ಬೈಯುತ್ತಿದ್ದರು. ಕಟ್ಚಿಯಿಂದ ತೆಗೆದ ಮೇಲೂ ಯಾಕೆ ಮಾವ ಈ ಉಸಾಬರಿ ಎಂದರೆ, "ತಪ್ ಮಾಡ್ದೋನ್ನ ಬೈಯಕ್ಕೆ ಕಟ್ಚಿ ಯಾಕವ್ವ ಬೇಕು? ಬಾಯಿ ಸಾಕು" ಎಂದರು. ಆದರೂ ಆ ಚೀಟಿ ಅವರನ್ನು ತಿಂದಿತು. ಕೂಟದ ಮೈಕಿನ ಸದ್ದು ಬೀದಿ ತುದಿಯಿಂದ ಕೇಳಿದರೆ ಮಗ್ಗ ನಿಲ್ಲಿಸಿ ಅತ್ತಲೇ ಕಿವಿಗೊಟ್ಟು ಕೂರುತ್ತಿದ್ದರು.

ಸೂತಕದ ಆ ಪಾವುಗಳನ್ನು ಅವರೊಬ್ಬರೇ ನೇಯ್ದರು. ಮಾರಲಿಲ್ಲ. ಬಣ್ಣದ ಅಂಚು ಹಾಕಲಿಲ್ಲ. ಬರೀ ಬಿಳಿ ಪಂಚೆಗಳು. ಕೊನೆಯತನಕ ಅವನ್ನೇ ಉಟ್ಟರು.

ಹೋದ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಮಾವ ತೀರಿಕೊಂಡರು. ಬೀದಿಯಲ್ಲಿ ಅವತ್ತು ಒಂದು ಎಳೆ ಪಾವೂ ಹಾಸಲಿಲ್ಲ, ಒಂದು ಮಗ್ಗವೂ ಆಡಲಿಲ್ಲ. ಆ ಬಿಳಿ ಬಟ್ಟೆಯನ್ನೇ ಅವರ ಮೇಲೆ ಹೊದಿಸಿದ್ದೆವು. ಮಧ್ಯಾಹ್ನ ಅದೇ ಕಾರ್ಯದರ್ಶಿ ನಾಲ್ಕು ಜನರೊಂದಿಗೆ ಬಂದ, ಇಸ್ತ್ರಿ ಮಾಡಿದ ಕಟ್ಚಿ ಬಾವುಟ ಹಿಡಿದು. ಹಿರಿಯ ಕಾರ್ಯಕರ್ತ, ಕಟ್ಚಿಯ ಕಂಬ ಎಂದೆಲ್ಲ ಹೇಳುತ್ತಾ ಬಾವುಟ ಬಿಡಿಸಿದ. ನನ್ನ ಬಾಯಿಗೆ ಬೈಗಳು ಬಂದಿತ್ತು. ಅಷ್ಟರಲ್ಲಿ ಚಿಕ್ಕಮ್ಮ ಎದ್ದು ನಿಂತರು.

"ಮಡ್ಚಿ ಇಟ್ಕಳಿ ಸಾಮಿ. ನಮ್ಮಣ್ಣನ್ ಮೈ ಮ್ಯಾಲೆ ನನ್ ಮಗನ್ ಪಾವು ಐತೆ."

ಅವನು ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಲ್ಲೇ ನಿಂತ. ಬೀದಿಯವರು ಯಾರೂ ಅವನಿಗೆ ಕುರ್ಚಿ ಹಾಕಲಿಲ್ಲ.